ಕಿವಿಯ ಹಿಂದಿನ ತಗ್ಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಆಗ ನಾನು ವಾರಕ್ಕೆರಡು ಸಲ ನವನಗರದಲ್ಲಿ ಬಸ್ಸು ಹತ್ತಿ ಜೈಲಿಗೆ ಹೋಗುತ್ತಿದ್ದೆ. ಕೈದಿಗಳಲ್ಲಿ ಯಾರಿಗೆಲ್ಲ ಹಿಂದೆ ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಏಟಾಗಿದೆ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅಂಥವರಲ್ಲಿ ಕೆಲವರಿಗೆ ಮರೆವು, ಕೆಲವರಿಗೆ ಮುಂಗೋಪ. ನೋಡುವವರ ಕಣ್ಣಿಗೆ ಎಲ್ಲವೂ ಸೊಕ್ಕಿನಂತೆಯೇ ಕಾಣುತ್ತದೆ.

ಮೊದಲ ವಾರ ಕೇಳಿದವರೆಲ್ಲ "ಏನೂ ಆಗಿಲ್ರಿ ಅಕ್ಕಾರ" ಎಂದರು. ಹಣೆಯ ಮೇಲೆ ಬೆರಳುದ್ದದ ಗುರುತಿದ್ದವನೂ ಹಾಗೇ ಅಂದ.

"ಮತ್ತ ಇದೇನು?"

"ಅದು ಸಣ್ಣಾಂವಿದ್ದಾಗಿಂದ್ರಿ. ಅರಿಷಿಣ ಒತ್ತಿದ್ರು, ಮುಗೀತು."

ಅರಿಷಿಣ ಒತ್ತಿದ ಮೇಲೆ ಆ ಗಾಯ ಗಾಯವೇ ಅಲ್ಲ. ನಮ್ಮ ಮನೆಯಲ್ಲೂ ಅದೇ ರೂಢಿ. ಆದರೂ ಪ್ರಶ್ನೆ ಬರೆಯುವಾಗ ನನಗೆ ಹೊಳೆದಿರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅವರಲ್ಲಿ ಗರಗದ ಕಡೆಯ ನೇಕಾರನೊಬ್ಬನಿದ್ದ. ಜೈಲಿನ ಮಗ್ಗದ ಶೆಡ್ಡಿನಲ್ಲಿ ಅವನ ಕೆಲಸ. ಮಗ್ಗದ ಮುಂದೆ ಕೂತರೆ ಬಂಗಾರದಂಥ ಮನುಷ್ಯ. ಆದರೆ ಎರಡು ಮಾತು ಒಟ್ಟಿಗೆ ಹೇಳಿದರೆ ಒಂದು ಮರೆಯುತ್ತಿದ್ದ, ಹಾಜರಿಗೆ ಕೂಗಿದರೆ ಕೂತಲ್ಲೇ ಕೂತಿರುತ್ತಿದ್ದ. ಶೆಡ್ಡಿನ ವಾರ್ಡರು ಬೇಸತ್ತಿದ್ದರು. "ಅಂವಗ ಭಾಳ ಸೊಕ್ಕೈತ್ರಿ. ಇನ್ನೊಂದ್ ಸಲ ಹಾಜರಿ ತಪ್ಪಿದ್ರ ಮಗ್ಗದಿಂದ ಎಬ್ಬಸ್ತೇವಿ" ಎಂದರು. ಮಗ್ಗ ಹೋದರೆ ಅವನ ಪಾಲಿಗೆ ಗೋಡೆ ನೋಡುತ್ತ ಕೂರುವುದೊಂದೇ ಉಳಿಯುತ್ತಿತ್ತು. ಅವನ ಹಾಳೆಯಲ್ಲೂ ನಾನು ಎಲ್ಲದಕ್ಕೂ 'ಇಲ್ಲ' ಎಂದೇ ಬರೆದಿದ್ದೆ.

ದಾರಿ ತೋರಿಸಿದ್ದು ಅಲ್ಲಿ ಎಲ್ಲರ ಕಟಿಂಗ್ ಮಾಡುತ್ತಿದ್ದ ಹಿರಿಯ. ಅವನೂ ಕೈದಿಯೇ, ಹಳೇ ಹುಬ್ಬಳ್ಳಿಯಲ್ಲಿ ಅಂಗಡಿ ಇಟ್ಟಿದ್ದವನು. ಎಲ್ಲರಿಗೂ ಕಾಕಾ. ನಾನು ಹಾಳೆ ಹಿಡಿದು ಗೊಣಗುವುದನ್ನು ಕಂಡು ನಕ್ಕ.

"ಬಾಯಿ ಕೇಳಿದ್ರ ಏನ್ ಸಿಗ್ತೈತ್ರಿ? ತಲಿ ನೋಡ್ರಿ. ಇಲ್ಲಿದ್ದಷ್ಟೂ ತಲಿ ನನ್ನ ಕೈಯಾಗ ಬರ್ತಾವ."

ಅಲ್ಲಾ, ಇಷ್ಟು ಓದಿದ ನನಗೆ ಇದು ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮುಂದಿನ ಭಾನುವಾರ ಅವರವರ ಒಪ್ಪಿಗೆ ಕೇಳಿ, ಕಾಕಾನ ಕುರ್ಚಿಯ ಪಕ್ಕ ಸ್ಟೂಲು ಹಾಕಿ ಕೂತೆ. ನೇಕಾರನ ಪಾಳಿ ಬಂತು. ಕತ್ತರಿ ಅವನ ಎಡಗಿವಿಯ ಹಿಂದೆ ನಿಂತಿತು.

"ಇಲ್ಲೊಂದು ತಗ್ಗೈತಿ ನೋಡ್ರಿ" ಎಂದ ಕಾಕಾ. ಹೆಬ್ಬೆರಳು ಕೂರುವಷ್ಟಿತ್ತು.

"ಇದು ಯಾವಾಗ ಆತಪಾ?" ಎಂದೆ.

"ಚಕ್ಕಡಿಯಿಂದ ಬಿದ್ದಿದ್ನಿರಿ, ಸಾಲಿಗೆ ಹೋಗೋವಾಗ. ಎರಡ್ ದಿನ ಎಚ್ಚರ ಇರಲಿಲ್ಲಂತ. ಅವ್ವ ಅರಿಷಿಣ ಒತ್ತಿದ್ಲು." ನಾನು ಕೇಳದೆಯೇ ಮುಂದುವರಿಸಿದ: "ಆಮ್ಯಾಲ ಸಾಲಿ ತಲಿಗೆ ಹತ್ತಲಿಲ್ರಿ. ಹೇಳಿದ್ದು ಮರೀತಿದ್ದೆ. ಸೊಕ್ಕು ಬಂದೈತಿ ಅಂತ ಅವ್ವ ಬಡೀತಿದ್ಲು."

ಅವನ ಹಾಳೆಯಲ್ಲಿ 'ಇಲ್ಲ' ಎಂದಿದ್ದನ್ನು ಹೊಡೆದುಹಾಕಿ, ಅವನನ್ನು ಜೈಲಿನ ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ಪರೀಕ್ಷಿಸಿ, ಮರೆವಿಗೆ ಆ ಹಳೆಯ ಏಟೇ ಕಾರಣ ಎಂದರು. ಅವನಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು, ಹಾಜರಿಗೆ ಎದುರು ಹೋಗಿ ಕರೆಯಬೇಕು ಎಂದು ವರದಿ ಬರೆದೆ. ಜೈಲಿನ ಸಾಹೇಬರು ಒಪ್ಪಿದರು. ವಾರ್ಡರು ಮೊದಲು ಮೂಗು ಮುರಿದರೂ ತಿಂಗಳೊಳಗೆ ತಾವೇ ಮಗ್ಗದ ತನಕ ಹೋಗಿ "ಏಳಪಾ, ಹಾಜರಿ" ಎನ್ನತೊಡಗಿದರು. ಅವನು ಒಂದು ದಿನವೂ ತಪ್ಪಲಿಲ್ಲ. ಮಗ್ಗ ಉಳಿಯಿತು. ಆ ದಿನಗಳಲ್ಲಿ ನಾನು ಮನೆಯಲ್ಲೂ ಯಾರಿಗೂ ಬೈಯಲಿಲ್ಲವಂತೆ.

ಭೇಟಿಯ ದಿನ ಅವನ ತಾಯಿ ಬಂದಳು. "ಅವ್ವಗ ನೀವ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ" ಎಂದು ಅವನು ಕೇಳಿಕೊಂಡಿದ್ದ. ಎಲ್ಲ ಹೇಳಿದೆ. ಆಕೆ ಮಗನ ಹತ್ತಿರ ಸರಿದಳು. ನಡುವೆ ತಂತಿಯ ಜಾಳಿಗೆ.

"ತಿರುಗು, ನೋಡ್ತೇನಿ" ಎಂದಳು.

ಅವನು ತಿರುಗಿ, ಎಡಗಿವಿಯ ಹಿಂಬದಿಯನ್ನು ಜಾಳಿಗೆಗೆ ಹಚ್ಚಿದ. ಸಂದಿಯಲ್ಲಿ ಆಕೆಯ ಒಂದೇ ಬೆರಳು ತೂರಿತು. ತಡಕಿ ತಡಕಿ ಆ ತಗ್ಗಿನ ಮೇಲೆ ಬೆರಳಿಟ್ಟಳು.

"ಸುಮ್‌ಸುಮ್ನ ಬಡದ್ನೆಲ್ಲೋ ನನ್ನಪ್ಪಾ."

"ಇರ್ಲಿ ಬಿಡಬೇ" ಎಂದ ಅವನು, ತಿರುಗದೆ. "ನನಗೂ ಗೊತ್ತಿರಲಿಲ್ಲ."