ಬಿಡ್ತು ಅನ್ನಿ

ಮೂರು ವರ ಕೊಟ್ಟು ಮನೆ ಹಾಳುಮಾಡುವ ಒಣಗಿದ ಕೋತಿ ಪಂಜದ ಹಳೆಯ ಕತೆಯನ್ನು ಮತ್ತೆ ಸಿನಿಮಾ ಮಾಡಿದ್ದಾರೆಂದು ಮಗಳು ನನ್ನನ್ನು ವುಡ್‌ಬ್ರಿಡ್ಜಿನ ಥಿಯೇಟರಿಗೆ ಎಳೆದುಕೊಂಡು ಹೋದಳು. ಹೆಂಡತಿ ತೀರಿಕೊಂಡ ಮೇಲೆ ತಿಂಗಳಿಗೊಂದು ಶನಿವಾರ ನನ್ನನ್ನು ಹೊರಗೆ ಕರೆದೊಯ್ಯುವುದು ಅವಳ ಕ್ಯಾಲೆಂಡರಿನಲ್ಲಿದೆ. ನಾಯಿಯನ್ನೂ ಹಾಗೇ ಕರೆದೊಯ್ಯುತ್ತಾರೆ. ಸಿಟ್ಟು ಬರುತ್ತದೆ, ಆದರೂ ಮಧ್ಯಾಹ್ನದ ಆಟಕ್ಕೆ ಬೆಳಿಗ್ಗೆ ಎಂಟಕ್ಕೇ ಶೂ ಹಾಕಿಕೊಂಡು ಕೂತಿರುತ್ತೇನೆ.

ಪರದೆಯ ಮೇಲೆ ಒಬ್ಬ ಪಂಜ ಹಿಡಿದು ಏನನ್ನೋ ಬಯಸಿದ. ಕೇಳಿದ್ದು ಸಿಗುತ್ತದೆ, ಆದರೆ ಬೇಡದ ದಾರಿಯಲ್ಲಿ. ನನಗೇ ತಿಳಿಯದೆ, "ಬಿಡ್ತು ಅನ್ನೋ" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಅದು ಹೆಂಡತಿಯ ಮಾತು. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನಂದರೂ ಅಸ್ತು ಅಂದುಬಿಡುತ್ತಾರೆ, ಕೆಟ್ಟದ್ದು ಬಾಯಿಗೆ ಬಂದರೆ ತಕ್ಷಣ ಬಿಡ್ತು ಅನ್ನಬೇಕು ಎನ್ನುತ್ತಿದ್ದಳು. ನಾನು ಇಂಜಿನಿಯರು, ನಗುತ್ತಿದ್ದೆ.

ಒಂದು ಬೆಳಿಗ್ಗೆ ಹಿಲ್ಸ್‌ಬರೋದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಆಫೀಸಿನ ಕಾಲ್‌ನಲ್ಲಿದ್ದೆ. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. ಮೆಟ್ಟಿಲು ಹತ್ತಿ ಬಂದು ರೇಗಿದೆ.

"ಒಂದಿನ ಆದ್ರೂ ಈ ಮನೇಲಿ ನಾನೊಬ್ನೇ ಇರೋ ಹಾಗಾಗ್ಬಾರ್ದಾ?"

"ಬಿಡ್ತು ಅನ್ನಿ," ಅಂದಳು.

ನಾನು ಅನ್ನಲಿಲ್ಲ. ಬಾಗಿಲು ಬಡಿದು ಕೆಳಗಿಳಿದೆ. ವರ್ಷ ತುಂಬುವುದರೊಳಗೆ ಕಾಯಿಲೆಯಲ್ಲಿ ಅವಳು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಬಾಯಿಂದಲೇ ಅವಳು ಹೋದಳೆಂದು ಮೂರು ವರ್ಷ ಒಳಗೊಳಗೇ ನವೆದೆ. ಯಾರಿಗೂ ಹೇಳಲಿಲ್ಲ.

ಸಿನಿಮಾ ಮುಗಿದ ಮೇಲೆ, ಥಿಯೇಟರಿನಲ್ಲಿ ಯಾಕೆ ಹಾಗೆ ಕೂಗಿದಿರಿ ಎಂದು ಮಗಳು ಕಾರಿನಲ್ಲಿ ಕೇಳಿದಳು. ಎಲ್ಲ ಹೇಳಿದೆ. ಅವಳು ಕಾರು ಸ್ಟಾರ್ಟ್ ಮಾಡದೆ ಕೂತಳು.

"ಅಪ್ಪ, ಐ ವಾಸ್ ದೇರ್. ನೀವು ಕೆಳಗೆ ಹೋದ್ಮೇಲೆ ನಿಮ್ ಬದ್ಲು ಅಮ್ಮಾನೇ ಬಿಡ್ತು ಅಂದ್ಲು. ತ್ರೀ ಟೈಮ್ಸ್. ಆಮೇಲೆ ನಕ್ಲು."

ಅವಳು ನಕ್ಕಿದ್ದಳು ಎನ್ನುವುದನ್ನು ನಾನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಸಂಜೆಯೊಳಗೆ ಮಗಳು ನನ್ನನ್ನು ಮನೆ ಮುಂದೆ ಇಳಿಸಿ ಹೊರಟಳು, ಅವಳಿಗೆ ಬೇರೆ ಕೆಲಸವಿತ್ತು.

ಹಗುರಾಗಬೇಕಿತ್ತು, ಆಗಲಿಲ್ಲ. ಹೆಂಡತಿ ಹೋದದ್ದು ನನ್ನ ಮಾತಿನಿಂದಲ್ಲ, ಅದನ್ನು ಅವಳು ಆಗಲೇ ಅಳಿಸಿಬಿಟ್ಟಿದ್ದಳು. ಕಾರಣವೇ ಇಲ್ಲದೆ, ಎಲ್ಲರೂ ಹೋಗುವ ಹಾಗೆ ಹೋಗಿದ್ದಳು. ಇಷ್ಟು ದಿನ ಆ ತಪ್ಪಾದರೂ ಮನೆಯಲ್ಲಿ ನನ್ನ ಜೊತೆಗಿತ್ತು. ಈಗ ಅದೂ ಇಲ್ಲ.