ಎತ್ತು ಏಳುವುದನ್ನು ಕಾದ ಬಸ್ಸು

ಹೋದ ವಾರ ಚಪ್ಪಲಿಯ ಉಂಗುಟ ಕಿತ್ತುಹೋಗಿ, ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹೊರಗೆ ಚಪ್ಪಲಿ ಹೊಲಿಯುವವರ ಮುಂದೆ ಒಂಟಿಕಾಲಲ್ಲಿ ನಿಂತಿದ್ದೆ. ಅವರ ತಲೆಯ ಮೇಲಿನ ಮೊಳೆಗೆ ಯಾವುದೋ ಕಂಡಕ್ಟರರ ಹಳೆಯ ತೊಗಲಿನ ಚೀಲ ತೂಗುತ್ತಿತ್ತು. ಮಳೆಗೆ ನೆನೆದು ಅರ್ಧ ಒಣಗಿದ ತೊಗಲು, ಅದರೊಳಗೆ ಚಿಲ್ಲರೆ ನಾಣ್ಯದ ಕಿಲುಬು... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಂಡಕ್ಟರ್ ಚಾಚಾ ನೆನಪಾದರು.

"ನಮ್ಮ ಕಡೆ ಬಸ್ಸಿನ್ಯಾಗ ಪ್ರಶ್ನಿ ಕೇಳ್ತಿದ್ದರಲ್ಲ, ಆ ಕಂಡಕ್ಟರ್ ಚಾಚಾ ಈಗೆಲ್ಲಿ ಅದಾರ್ರಿ?" ಎಂದೆ.

ಹೊಲಿಯುತ್ತಿದ್ದವರು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, "ಹೋದ ಮಳಿಗಾಲದಾಗ ತೀರಿಕೊಂಡ್ರು ತಂಗಿ. ಶಿರಹಟ್ಟಿಯಾಗ ಮಣ್ಣಾತು. ಮನಿಯವರು ಅಲ್ಲೇ ಅದಾರ" ಎಂದರು. ನನ್ನ ಡೈರಿಯಲ್ಲಿ ಹೋದ ಮಳೆಗಾಲದ ಪ್ರತಿ ದಿನಕ್ಕೂ ಒಂದು ಪುಟವಿದೆ. ಎಷ್ಟು ಮಳೆ ಬಂತು, ಯಾರು ಬಂದರು, ಏನು ಓದಿದೆ ಎಲ್ಲ ಬರೆದಿದ್ದೇನೆ. ಇದೊಂದೇ ಇಲ್ಲ.

ನಮ್ಮೂರು ಅಡರಕಟ್ಟಿಯ ಆಚೆ. ನಾನು ಲಕ್ಷ್ಮೇಶ್ವರದ ಶಾಲೆಗೆ ಹೋಗುತ್ತಿದ್ದ ವರ್ಷಗಳಲ್ಲಿ ಬೆಳಗಿನ ಬಸ್ಸು ಒಂದೇ ಇತ್ತು. ಅದರ ತುಂಬ ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಒಮ್ಮೊಮ್ಮೆ ಆಡು. ಗಂಡುಹುಡುಗರು ಒಳಗೆ ಜಾಗವಿದ್ದರೂ ಬಾಗಿಲಲ್ಲೇ ಜೋತಾಡುತ್ತಿದ್ದರು. ಚಾಚಾ ಅವರನ್ನು ಬೈಯುತ್ತಿರಲಿಲ್ಲ. ಬಸ್ಸು ಹೊರಡುವ ಮುಂಚೆ ಒಂದು ಪ್ರಶ್ನೆ ಎಸೆಯುತ್ತಿದ್ದರು.

"ಯಾವ ಪ್ರಾಣಿಗೆ ಮೂರು ಗುಂಡಗಿ ಇರ್ತಾವ? ಬಾಗಲಾ ಹಾಕ್ರಿ, ಆಮ್ಯಾಲೆ ಹೇಳ್ತೀನಿ."

ಬಾಗಿಲು ಹಾಕಿ ಎಲ್ಲರೂ ಒಳಗೆ ಬಂದ ಮೇಲೆಯೇ ಉತ್ತರ. ಯಾರಾದರೂ ಮತ್ತೆ ಮೆಟ್ಟಿಲಿಗಿಳಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತಿತ್ತು. ಆಗ ಉಳಿದ ಮಕ್ಕಳೇ ಅವನ ಅಂಗಿ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ಆಕ್ಟೋಪಸ್ಸಿಗೆ ಮೂರು ಹೃದಯ, ಅದರ ರಕ್ತ ನೀಲಿ ಎಂದು ನಾನು ಕಲಿತದ್ದು ಹಾಗೆ. ಪಾತರಗಿತ್ತಿ ಕಾಲಿನಿಂದ ರುಚಿ ನೋಡುತ್ತದೆ ಎಂದಾಗ ಒಬ್ಬ ಹುಡುಗ, "ಹಂಗಾರ ಅದು ಸೆಗಣಿ ತುಳಿದ್ರ ಗತಿ ಏನ್ರಿ?" ಎಂದು ಕೇಳಿ ಇಡೀ ಬಸ್ಸನ್ನು ನಗಿಸಿದ್ದ. ಆಡಿನ ಕಣ್ಣಿನ ಪಾಪೆ ಅಡ್ಡ ಇರುತ್ತದೆ ಎಂದ ದಿನ, ಬಸ್ಸಿನಲ್ಲಿದ್ದ ಆಡಿನ ಮುಖಕ್ಕೆ ಎಲ್ಲರೂ ಮುಖ ಕೊಟ್ಟು, ಪಾಪ, ಅದು ಹೆದರಿ ಒಬ್ಬರ ಚೀಲದ ಮೇಲೆ ಹಿಕ್ಕೆ ಹಾಕಿತು.

ನಾನು ಅವರ ಮಾತನ್ನೆಲ್ಲ ಬರೆದುಕೊಂಡು, ವಿಜ್ಞಾನದ ಸರ್ ಹತ್ತಿರ ಕೇಳಿ, ಖರೆ ಇದ್ದದ್ದಕ್ಕೊಂದು ಗೆರೆ, ಸುಳ್ಳಿದ್ದದ್ದಕ್ಕೊಂದು ಗೆರೆ ಎಳೆಯುತ್ತಿದ್ದೆ. ಸುಳ್ಳಿನ ಕಡೆ ಗೆರೆಗಳು ಬಲು ಕಡಿಮೆ. ಕೆಂಪು ಬಟ್ಟೆ ಕಂಡರೆ ಗೂಳಿಗೆ ಸಿಟ್ಟು ಬರುತ್ತದೆ ಎಂದು ಒಮ್ಮೆ ಹೇಳಿದ್ದರು. ಅದು ಬಣ್ಣಕ್ಕಲ್ಲ, ಬಟ್ಟೆ ಅಲುಗಾಡುವುದಕ್ಕೆ ಎಂದು ನಾನು ಹೇಳಿದಾಗ, ಮರುದಿನ ಬಸ್ಸಿನ ನಡುವೆ ನಿಂತು, "ನಿನ್ನಿ ನಾ ಹೇಳಿದ್ದು ತಪ್ಪು. ಯಾರರೆ ಮನ್ಯಾಗ ಹೇಳಿದ್ರ ಇವತ್ತ ಹೋಗಿ ತಿದ್ರಿ" ಎಂದರು.

ಅವರಿಗೆ ತೀರ ಪ್ರೀತಿಯ ಪ್ರಶ್ನೆ ನಮ್ಮ ಬಸ್ಸಿನ ಮೊಸರಿನ ಅಜ್ಜಿಯ ಬಗ್ಗೆ ಇತ್ತು. "ಇದ್ದ ಮನಿ ಬಿಡದನ ಜಿಲ್ಲಾ ಬದಲಿ ಮಾಡಿದಾಕಿ ಯಾರು?" ಗದಗ ಬೇರೆ ಜಿಲ್ಲೆಯಾಗಿ ಹತ್ತು ವರ್ಷ ದಾಟಿದ್ದರೂ ಅಜ್ಜಿ ಒಪ್ಪಿರಲಿಲ್ಲ. "ನಂದು ಧಾರವಾಡ ಜಿಲ್ಲಾನ. ನನ್ನ ಕೇಳಿ ಬದಲಿ ಮಾಡ್ಯಾರೇನು?" ಎಂದು ಮೊಸರಿನ ಗಡಿಗೆ ತಬ್ಬಿಕೊಂಡು ಕೂಡುತ್ತಿದ್ದಳು.

ಒಂದು ಶನಿವಾರ... ರಾತ್ರಿಯಿಡೀ ಮಳೆ ಸುರಿದಿತ್ತು. ಆ ದಿನ ನನ್ನ ಜೊತೆ ಅಣ್ಣನೂ ಬಸ್ಸಿಗೆ ಬಂದಿದ್ದ. ಐಟಿಐ ಪ್ರವೇಶಕ್ಕೆ ಅದು ಕೊನೆಯ ದಿನ, ಹನ್ನೆರಡಕ್ಕೆ ಬಾಗಿಲು ಹಾಕುತ್ತಾರೆ ಎಂದು ಖಬರು ಬಂದಿತ್ತು. ಹೊಲದಲ್ಲಿ ಎತ್ತು ಹೂಡಿ, ಎಡೆ ಹೊಡೆದು ಕಳೆ ತೆಗೆಯುವ ಕೆಲಸ ಮುಗಿಯದೆ ಅವನು ಅಲ್ಲಿಯವರೆಗೆ ಹೋಗಿರಲಿಲ್ಲ. ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ.

ದಾರಿಯಲ್ಲಿ ಒಂದು ಹಳ್ಳ. ಆಗ ಸೇತುವೆ ಇರಲಿಲ್ಲ; ರಸ್ತೆಯೇ ಹಳ್ಳಕ್ಕೆ ಇಳಿದು ಆಚೆ ಹತ್ತುತ್ತಿತ್ತು. ಅಂದು ಅದರ ಮೇಲೆ ಕೆಂಪು ನೀರು ಗುಡುಗುಟ್ಟಿಕೊಂಡು ಹೋಗುತ್ತಿತ್ತು. ಡ್ರೈವರ್ ಬಸ್ಸನ್ನು ದೂರದಲ್ಲೇ ನಿಲ್ಲಿಸಿದರು. ಅದಾಗಲೇ ಅಲ್ಲಿ ಒಂದು ಬಂಡಿಯೂ ನಿಂತಿತ್ತು. ಬಂಡಿಯ ಅಜ್ಜ ಎತ್ತುಗಳನ್ನು ನೊಗದಿಂದ ಬಿಚ್ಚಿದ್ದ. ಅವು ಬೇವಿನ ಗಿಡದ ಕೆಳಗೆ ಮಲಗಿ ಮೆಲುಕು ಹಾಕುತ್ತಿದ್ದವು.

ತುಸು ಹೊತ್ತು ಕಾದ ಅಣ್ಣ ಪ್ಯಾಂಟನ್ನು ಮೊಣಕಾಲಿನ ಮೇಲೆ ಮಡಚಿದ. "ನನಗ ಈಜು ಬರ್ತೈತಿ. ನಾ ದಾಟ್ತೀನಿ" ಎಂದು ನೀರಿನ ಕಡೆ ನಡೆದೇಬಿಟ್ಟ. ನಾನು ಅಳುತ್ತ ಅಂಗಿ ಜಗ್ಗಿದೆ, ಕೊಡವಿಕೊಂಡ. ಡ್ರೈವರ್ ಬೈದರು, ಕೇಳಲಿಲ್ಲ. ಅವನ ಮೊಣಕಾಲು ಮುಳುಗಿತು.

ದಂಡೆಯಲ್ಲಿ ನಿಂತ ಚಾಚಾ ಕೂಗಿದರು. "ಅಲ್ಲಪಾ, ಹೋಗಾಂವ ಹೋಗು. ದಿನಾ ಎತ್ತು ಹೊಡಿಯಾಂವ ನೀ, ಒಂದು ಹೇಳಿ ಹೋಗು. ಮಲಗಿದ ಎತ್ತು ಏಳುವಾಗ ಮುಂಗಾಲು ಮೊದಲು ಎತ್ತತೈತೋ, ಹಿಂಗಾಲೋ?"

ಅಣ್ಣ ಹಿಂತಿರುಗಿ ನೋಡಿದ. "ಇದೊಂದು ಪ್ರಶ್ನಿ ಏನ್ರಿ? ಮುಂಗಾಲು."

"ಏ ಹುಚ್ಚಪ್ಪಾ!" ಬಸ್ಸಿನ ಕಿಟಕಿಯಿಂದ ಮೊಸರಿನ ಅಜ್ಜಿಯ ದನಿ. "ಹಿಂಗಾಲು! ದಿನಾ ದನದ ಹೆಂಡಿ ಬಳಿಯಾಕಿ ನಾನು. ಅದರ ಹಿಂದಿನ ಭಾಗ ಯಾವಾಗ ಏಳತೈತಿ ಅಂತ ನನಗ ಗೊತ್ತಿಲ್ಲೇನು?"

"ನಿನ್ನ ಮುದಿ ಎಮ್ಮಿ ಹಂಗ ಏಳತಿರಬೇಕು, ಎತ್ತಲ್ಲ!" ಎಂದ ಅಣ್ಣ. ಆಗಲೇ ಎರಡು ಹೆಜ್ಜೆ ಹಿಂದೆ ಬಂದಿದ್ದ.

ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಎಲ್ಲರ ಮನೆಯಲ್ಲೂ ದನಗಳಿದ್ದವು, ಎಲ್ಲರೂ ದಿನಾ ನೋಡಿದವರು, ಆದರೆ ಕಣ್ಣುಮುಚ್ಚಿ ನೆನೆಸಿಕೊಂಡು ಆಣೆಯಿಟ್ಟು ಹೇಳಲು ಒಬ್ಬರಿಗೂ ಧೈರ್ಯ ಸಾಲದು. ಒಬ್ಬರು ರಸ್ತೆಯ ಮೇಲೆ ಕೈಕಾಲೂರಿ ಎತ್ತಿನಂತೆ ಎದ್ದು ತೋರಿಸಿದರು. ಪ್ರಶ್ನೆ ಬಂಡಿಯ ಅಜ್ಜನ ಹತ್ತಿರ ಹೋಯಿತು. ಆತ ತಲೆ ಕೆರೆದುಕೊಂಡು, "ನಾ ಹಿಂದ ಕುಂತು ಬಾಲ ನೋಡಿದಾಂವ. ಕಾಲು ಯಾವಾಗ ನೋಡೀನಿ?" ಎಂದ.

"ಹಂಗಾರ ಎತ್ತನ್ನ ಕೇಳೂಣು" ಎಂದರು ಚಾಚಾ. ಅಣ್ಣ ನೀರಿನಿಂದ ಪೂರ್ತಿ ಹೊರಬಂದು ಎತ್ತಿನ ಬಾಲಕ್ಕೆ ಕೈ ಹಾಕಿದ. ಚಾಚಾ ತಡೆದರು. "ಎಬ್ಬಿಸಬಾರದು. ಹೆದರಿ ಎದ್ದಿದ್ದು ಲೆಕ್ಕಕ್ಕಿಲ್ಲ. ತಾನಾಗಿ ಏಳಬೇಕು."

ಹೀಗೆ ಒಂದು ಬಸ್ಸಿನ ತುಂಬ ಜನ, ಹಳ್ಳಕ್ಕೆ ಬೆನ್ನು ಮಾಡಿ, ಒಂದು ಎತ್ತಿನ ಸುತ್ತ ಕೂತೆವು. ಎತ್ತಿಗೆ ಯಾವ ಅವಸರವೂ ಇರಲಿಲ್ಲ. ಅದು ಕಿವಿ ಅಲ್ಲಾಡಿಸಿದರೂ ಎಲ್ಲರೂ ಅರ್ಧ ಏಳುತ್ತಿದ್ದರು. "ನಿನಗೂ ಐಟಿಐ ಸೇರೂದೈತಿ ಅಂತ ಹೇಳೋ ಅದಕ್ಕ" ಎಂದು ಯಾರೋ ಅಣ್ಣನನ್ನು ಕಾಡಿಸಿದರು. ಅವನು ಸಿಟ್ಟಿನಿಂದ ಆಕಾಶ ನೋಡುತ್ತಿದ್ದ. ಆದರೆ ಎದ್ದು ಹೋಗಲಿಲ್ಲ.

ಆಗ ಹಿಂದಿನಿಂದ ದೊಡ್ಡ ಸದ್ದು. ಬೇರುಸಹಿತ ಕಿತ್ತುಬಂದ ಜಾಲಿಗಿಡವೊಂದು ಸುತ್ತುತ್ತ ಬಂದು, ರಸ್ತೆ ಹಳ್ಳದಲ್ಲಿ ಮುಳುಗಿದ್ದ ಜಾಗಕ್ಕೇ ಅಪ್ಪಳಿಸಿ, ಒಂದು ಕ್ಷಣ ನಿಂತು, ಮಗುಚಿಕೊಂಡು ಕೆಳಗೆ ಹೋಯಿತು. ಚಾಚಾ ಚೀಲದ ಪಟ್ಟಿಯನ್ನು ಎರಡೂ ಕೈಯಿಂದ ಬಿಗಿಹಿಡಿದಿದ್ದರು. ಅಣ್ಣ ಮೆಲ್ಲಗೆ ಬಂದು ನನ್ನ ಪಕ್ಕ ಕೂತ.

ಅಷ್ಟರಲ್ಲಿ ಎತ್ತು ಎದ್ದಿತು. ಮುಂದಿನ ಮೊಣಕಾಲೂರಿ, ಮೊದಲು ಹಿಂಗಾಲುಗಳನ್ನೇ ಎತ್ತಿತು. ಇಷ್ಟು ದಿನ ಅದನ್ನು ಸರಿಯಾಗಿ ನೋಡಿದ್ದವಳು ಅಜ್ಜಿ ಒಬ್ಬಳೇ. "ನೋಡ್ರಿ! ನೋಡ್ರಿ!" ಎಂದು ಕೂಗಿ, ಅಣ್ಣನ ತಲೆಗೊಂದು ಮೊಟಕಿದಳು. ಅಣ್ಣ ನಕ್ಕುಬಿಟ್ಟ. ಅವನು ನಕ್ಕಿದ್ದು ಕಂಡು ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಇನ್ನಷ್ಟು ಅಳು ಬಂತು.

ನಮ್ಮ ಕಡೆಯ ಹಳ್ಳಗಳಿಗೆ ಏರುವುದಕ್ಕೂ ಜಲ್ದಿ, ಇಳಿಯುವುದಕ್ಕೂ ಜಲ್ದಿ. ನೀರು ತಗ್ಗಿ, ಡ್ರೈವರ್ ನಡೆದು ನೋಡಿಬಂದ ಮೇಲೆ ಬಸ್ಸು ದಾಟಿತು. ಲಕ್ಷ್ಮೇಶ್ವರ ಮುಟ್ಟಿದಾಗ ಹನ್ನೆರಡು ದಾಟಿತ್ತು. ಚಾಚಾ ಅಣ್ಣನ ಕೈ ಹಿಡಿದು ತಾವೇ ಐಟಿಐಗೆ ನಡೆದರು, ಹಿಂದೆ ನಾನು. ಗುಮಾಸ್ತರು ಬಾಗಿಲಿಗೆ ಬೀಗ ಹಾಕುತ್ತಿದ್ದರು. "ಈ ಹುಡುಗಂದು ತಪ್ಪಿಲ್ರಿ ಸಾಹೇಬ್ರ. ಹಳ್ಳ ಬಂದಿತ್ತು, ತಡದಾಂವ ನಾನು" ಎಂದರು ಚಾಚಾ. ಗುಮಾಸ್ತರು ಕೆಸರಾದ ಅಣ್ಣನನ್ನೂ ಖಾಕಿ ತೊಟ್ಟ ಚಾಚಾರನ್ನೂ ನೋಡಿ, ಬೀಗ ತೆಗೆದರು.

ಮರಳಿ ಬಸ್ಸಿನ ಕಡೆ ಹೋಗುವಾಗ ನಾನು, "ನಿಮಗ ಮೊದಲ ಉತ್ತರ ಗೊತ್ತಿತ್ತೇನ್ರಿ ಚಾಚಾ?" ಎಂದೆ.

"ಗೊತ್ತಿರಲಿಲ್ಲವ್ವಾ. ಪ್ರಶ್ನಿ ಒಂದ ನೆನಪಾತು" ಎಂದರು.

ಅಣ್ಣ ಈಗ ಗದಗದಲ್ಲಿ ಫಿಟ್ಟರ್. ಭಾನುವಾರ ಊರಿಗೆ ಬಂದಾಗ ಚಾಚಾ ತೀರಿದ ಸುದ್ದಿ ಹೇಳಿದೆ. ಅವನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಹೋಗಿ ಕೂತು, ಆ ಶನಿವಾರದ್ದೆಲ್ಲ ಹೇಳಿದ. ಅಲ್ಲಿಯವರೆಗೆ ಅವಳಿಗೆ ಗೊತ್ತಿದ್ದದ್ದು ಬಸ್ಸು ತಡವಾಗಿತ್ತು ಎಂದಷ್ಟೇ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯಿಂದಲೇ ಅಣ್ಣನ ಮೊಣಕಾಲು ಮುಟ್ಟಿ, "ಇಲ್ಲೀಮಟ ಇಳದಿದ್ಯೇನು?" ಎಂದಳು.

"ಹೂಂ."

"ಮಂಗ್ಯಾನಂಥಾಂವ..." ಮತ್ತೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ಕೇಳಿದಳು, "ಅವರ ಮನಿಯವರು ಅದಾರೇನು?"

"ಅದಾರಂತ" ಎಂದೆ. "ಶಿರಹಟ್ಟಿಯಾಗ."

"ನಾಳಿ ಹೋಗಿ ಬರೂಣು."

"ಇಷ್ಟು ವರ್ಷ ಆದಮ್ಯಾಲೆ ಹೋಗಿ ಏನಂತ ಹೇಳೂದವ್ವಾ?" ಎಂದ ಅಣ್ಣ.

ಅವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. "ಏನೂ ಹೇಳೂದು ಬ್ಯಾಡ. ನೀ ಅವರ ಮುಂದ ಹೋಗಿ ನಿಂದರು, ಅಷ್ಟ ಸಾಕು."