ಮೂರು ವಾರಕ್ಕೊಂದು ಸೂಜಿ

ಆಸ್ಟ್ರೇಲಿಯಾದ ವೈಯಾಲಾದಲ್ಲಿ ನಮ್ಮ ಪಕ್ಕದ ಮನೆಯ ಡಲ್ಸಿ ಹ್ಯಾರಪ್ ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಕೀಲುವಾತ ಬೆರಳುಗಳಿಗೆ ಇಳಿದಾಗ ಅವಳಿಗೆ ಐವತ್ತಾರು. ಎರಡು ವಾರಕ್ಕೊಮ್ಮೆ ತಾನೇ ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿಮದ್ದು, ನಾಲ್ಕು ತಿಂಗಳಿಗೊಮ್ಮೆ ನಾನೂರು ಕಿಲೋಮೀಟರ್ ದೂರದ ಅಡಿಲೇಡ್‌ನಲ್ಲಿ ತಜ್ಞರ ಭೇಟಿ. ಮದ್ದು, ಪೆಟ್ರೋಲು, ಮೋಟೆಲ್ಲು, ಎಲ್ಲದರ ಖರ್ಚನ್ನೂ ಅವಳು ಒಂದು ಪುಸ್ತಕದಲ್ಲಿ ಬರೆಯತೊಡಗಿದಳು.

ಬರಬರುತ್ತ ಅದು ಗೀಳಾಯಿತು. ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದವಳು ಅರ್ಧಕ್ಕೇ ಎದ್ದು ಹೋಗಿ ಲೆಕ್ಕವನ್ನು ಮತ್ತೆ ಕೂಡಿ ನೋಡಿ ಬರುತ್ತಿದ್ದಳು.

"ಕೂತ್ಕೊಳ್ಳೇ ಮಾರಾಯ್ತಿ, ಅಂಕಿ ಎದ್ದು ಓಡಿಹೋಗಲ್ಲ," ಎಂದು ಅವಳ ಗಂಡ ಮರ್ವ್ ರೇಗಿಸುತ್ತಿದ್ದ.

"ನಮ್ಮನೇಲಿ ಓಡೋದು ಅದೊಂದೇ. ನೀನಂತೂ ಸೋಫಾ ಬಿಟ್ಟು ಏಳಲ್ಲ!"

ಏಪ್ರಿಲ್‌ನಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ಮರ್ವ್‌ನ ಹೆಚ್ಚುವರಿ ಪಾಳಿಗಳು ನಿಂತವು. ಡಲ್ಸಿ ಯಾರಿಗೂ ಹೇಳದೆ ಸೂಜಿಯನ್ನು ಮೂರು ವಾರಕ್ಕೊಮ್ಮೆ ಮಾಡಿಕೊಂಡಳು. ಅಡಿಲೇಡ್ ಭೇಟಿಯನ್ನೂ ಮುಂದೂಡಿದಳು. ತಿಂಗಳ ಮೊತ್ತ ಇಳಿದಾಗ ಹಿಗ್ಗಿದಳು. ಆದರೆ ನಿದ್ದೆ ಹಾರಿಹೋಯಿತು. ಬೆಳಿಗ್ಗೆ ಮುಷ್ಟಿ ಕಟ್ಟಲಾಗದೆ, ಕೈಗಳನ್ನು ಬಿಸಿನೀರಲ್ಲಿ ಅದ್ದಿಕೊಂಡು ಅಡುಗೆಮನೆಯಲ್ಲಿ ಚಡಪಡಿಸುತ್ತಿದ್ದಳು.

ಆಗಸ್ಟ್‌ನ ಒಂದು ಬೆಳಿಗ್ಗೆ, ಏರು ರಸ್ತೆಯ ನಿಲ್ದಾಣದಲ್ಲಿ, ಕೈಬ್ರೇಕಿನ ಹಿಡಿ ಅವಳ ಬೆರಳಿಗೆ ಸಿಕ್ಕಲಿಲ್ಲ. ಬಸ್ಸು ಹಿಂದಕ್ಕೆ ಜಾರಿ ಯಾರದೋ ಬೇಲಿಗೆ ತಗುಲಿ ನಿಂತಿತು. ಮಕ್ಕಳಿಗೆ ಏನೂ ಆಗಲಿಲ್ಲ. ಒಬ್ಬಳಂತೂ ಚಪ್ಪಾಳೆ ತಟ್ಟಿದಳು. ಡಲ್ಸಿ ಅಂದೇ ಬಸ್ಸಿನ ಕಚೇರಿಗೆ ಹೋಗಿ ಕೀಲಿ ಕೊಟ್ಟು ಬಂದಳು.

ಮರುದಿನ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೂ ಅಗ್ಗದ ಮದ್ದಿದೆಯೇ ಎಂದು ಕೇಳಲು ಔಷಧಿ ಅಂಗಡಿಗೆ ಹೋದಳು. ಜೊತೆಗೆ ನಾನಿದ್ದೆ. ಅಂಗಡಿಯ ಲಿಯೆನ್ ಮೊತ್ತಗಳನ್ನು ನೋಡಲೇ ಇಲ್ಲ, ತಾರೀಕುಗಳ ಮೇಲೆ ಬೆರಳಾಡಿಸಿದಳು.

"ಡಲ್ಸಿ, ಪೆಟ್ಟಿಗೇಲಿ ಎರಡು ಸೂಜಿ, ನಾಲ್ಕು ವಾರಕ್ಕಲ್ವಾ? ನಿಮಗೆ ಆರು ವಾರ ಹೇಗೆ ಬಂತು?"

ಡಲ್ಸಿ ಕಿಟಕಿಯ ಕಡೆ ತಿರುಗಿದಳು. "ಉಳಿಸಿ ಉಳಿಸಿ ಬಳಸಿದೆ."

"ಅಯ್ಯೋ, ನೀವು ಮದ್ದು ಉಳಿಸಿ ಕೈ ಕಳಕೊಂಡ್ರಿ." ಲಿಯೆನ್ ದನಿ ತಗ್ಗಿಸಿದಳು. "ಮರ್ವ್ ಅವರಿಗೂ ಹೃದಯದ ಮಾತ್ರೆ ಇದೆಯಲ್ಲ, ಅದನ್ನ ಎಲ್ಲಿ ತಗೋತಾರೆ? ಇದರಲ್ಲಿ ಬರೆದಿಲ್ವಲ್ಲ."

"ಕಾರ್ಖಾನೆ ಹತ್ತಿರದ ಅಂಗಡೀಲಿ. ಅದು ಅವನ ಕಾಯಿಲೆ. ಇದು ನಂದು."

"ಸರ್ಕಾರಕ್ಕೆ ಇಬ್ಬರೂ ಒಂದೇ ಮನೆ ಕಣ್ರೀ!"

ಗಂಡ ಹೆಂಡತಿಯ ಔಷಧಿ ಖರ್ಚನ್ನು ಒಟ್ಟು ಮಾಡಿದರೆ, ಸರ್ಕಾರ ಒಂದು ಮನೆಗೆ ಗೊತ್ತುಮಾಡಿದ ವರ್ಷದ ಮಿತಿಯನ್ನು ಅವರು ಜುಲೈನಲ್ಲೇ ದಾಟಿದ್ದರು. ಅಲ್ಲಿಂದಾಚೆ ಎಲ್ಲವೂ ಕಡಿಮೆ ಬೆಲೆಗೆ ಸಿಗಬೇಕಿತ್ತು. ಹೆಚ್ಚಾಗಿ ಕೊಟ್ಟಿದ್ದನ್ನು ವಾಪಸು ಕೇಳಬಹುದಿತ್ತು. ಡಲ್ಸಿ ನಕ್ಕಳು, ಮರುಗಳಿಗೆಗೆ ಅತ್ತಳು, ಆಮೇಲೆ ಅಂಗಡಿಯಿಂದ ಹೊರಗೆ ಹೋಗಿ ಕಾರಿನ ಸುತ್ತ ಎರಡು ಸಲ ಸುತ್ತಿದಳು.

ಆ ರಾತ್ರಿ ಮರ್ವ್ ರೇಗಿಸಲಿಲ್ಲ. "ನಂಗ್ಯಾಕೆ ಹೇಳಲಿಲ್ಲ?" ಎಂದಷ್ಟೇ ಕೇಳಿದನಂತೆ.

ಸೂಜಿ ಮತ್ತೆ ಎರಡು ವಾರಕ್ಕೊಮ್ಮೆ ಆಯಿತು. ನವೆಂಬರ್ ಹೊತ್ತಿಗೆ ಬಾವು ಇಳಿಯಿತು, ಎರಡು ಬೆರಳು ಮಾತ್ರ ಬಾಗಿದ್ದು ಬಾಗಿದಂತೆಯೇ ಉಳಿದವು. ಬಸ್ಸು ಅವಳಿಗೆ ಮತ್ತೆ ಸಿಗಲಿಲ್ಲ. ಕಚೇರಿಯಲ್ಲಿ ಫೋನಿನ ಕೆಲಸ ಕೊಟ್ಟರು; ಮೂರೇ ದಿನಕ್ಕೆ ಬಿಟ್ಟಳು, ಒಂದೇ ಕಡೆ ಕೂರಲಾಗಲಿಲ್ಲ. ಈಗ ಶಾಲೆಯ ಮುಂದೆ 'ನಿಲ್ಲಿ' ಎಂಬ ಫಲಕ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುತ್ತಾಳೆ. ಮಕ್ಕಳು ಬರುವ ಅರ್ಧ ಗಂಟೆ ಮೊದಲೇ ಬಂದು, ಖಾಲಿ ರಸ್ತೆಯನ್ನು ತಾನೊಬ್ಬಳೇ ಅತ್ತಿಂದಿತ್ತ ದಾಟುತ್ತಿರುತ್ತಾಳೆ.